ನಕ್ಷತ್ರ ಆಮೆಯ ಮನೆ

ಆಮೆಯೆಂದೊಡನೆ ಕೆರೆಬಾವಿಗಳು ನೆನಪಾಗುವುದು ಸಹಜ. ಆದರೆ ಬೆನ್ನಚಿಪ್ಪಿನ ತುಂಬ ಹಳದಿ ಗೆರೆಗಳ ಚುಕ್ಕೆಚಿತ್ತಾರ ಹೊತ್ತ ನಕ್ಷತ್ರ ಆಮೆ ಅಪ್ಪಟ ನೆಲವಾಸಿ, ಈಜರಿಯದು. ಅದೃಷ್ಟ ತರುವುದೆಂದು ನಂಬಿ ಕೊಂಡು ತಂದು ಗಾಜಿನ ತೊಟ್ಟಿಯ ನೀರಿಗೆ ಬಿಟ್ಟರೆ ಮುಳುಗಿ ಸತ್ತೀತು. ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿ ಅದು ಹುಲ್ಲು, ಚಿಗುರು, ಉದುರಿದ ಹಣ್ಣುಗಳನ್ನು ಮೇಯುತ್ತದೆ. ಬಿಸಿಲೇರಿದರೆ ಪೊದೆಯ ನೆರಳನ್ನು ಸೇರುತ್ತದೆ. ಮಳೆ ಬಿದ್ದಿತೆಂದರೆ ಲವಲವಿಕೆಯಿಂದ ಓಡಾಡುತ್ತದೆ. (ಆಮೆಯ ಓಟವೇ ಎಂದು ವಾಚಕರು ನಗಬಾರದು!) ಬಿಸಿಲು ಕಾಣದ ಕೋಣೆಯಲ್ಲಿ ಅದರ ಚಿಪ್ಪೇ ಮೆತ್ತಗಾಗುವುದುಂಟು.

ಇಷ್ಟನ್ನೂ ಅಂಗಳದಲ್ಲಿಯೇ ಒದಗಿಸಬಲ್ಲವರಿಗೂ ಅದನ್ನು ಸಾಕುವ ಹಕ್ಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ನಿಂತಿದೆ. ತಿಳಿಯದೆ ಕೊಂಡವರು ಕಂಡ ಕಾಡಿಗೆ ಬಿಡದೆ ಅರಣ್ಯ ಇಲಾಖೆಗೆ ಒಪ್ಪಿಸತಕ್ಕದ್ದು. ರೋಗವಿದ್ದರೆ ಕಾಡಿನ ಆಮೆಗಳಿಗೂ ತಗಲೀತು.