ಕಾವೇರಿ ತೀರದ ಕುಶಾಲನಗರ

ಮೈಸೂರಿನಿಂದ ಮಡಿಕೇರಿಗೆ ಸಾಗುವ ಬಸ್ಸು ಕೊಪ್ಪವನ್ನು ದಾಟಿ ಕಾವೇರಿಯ ಸೇತುವೆಯನ್ನೇರಿತೆಂದರೆ ಕೊಡಗಿನ ಹೆಬ್ಬಾಗಿಲು ತೆರೆಯಿತೆಂದೇ ಅರ್ಥ. ಕಡಿದಾದ ಬೆಟ್ಟಗಳು ಇನ್ನೂ ಮುಂದಿವೆ. ಮೊದಲು ಎದುರಾಗುವುದು ಸಮತಟ್ಟಾದ ಬಯಲಿನ ಪುಟ್ಟ ಪಟ್ಟಣ ಕುಶಾಲನಗರ. ಒಂದು ಲೋಟ ಕಾಫಿಗಷ್ಟೇ ಇಲ್ಲಿ ಇಳಿದು ಮುಂದೆ ಹೋಗುವವರು ಬಹಳ. ಒಂದು ದಿನ ತಂಗಿದವರಿಗೆ ಮಾತ್ರ ಇದರ ಸೊಗಸು ತಿಳಿದೀತು.

ಊರಿನ ಹೆಸರಿಗೊಂದು ಕಥೆಯುಂಟು. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ತಲುಪಿತಂತೆ. ಆ ಸಂತೋಷವೇ ಊರಿಗೆ ಹೆಸರಾಯಿತಂತೆ. ಆದರೆ ಹೈದರನ ಸೈನ್ಯ ಕೊಡಗಿನತ್ತ ತಿರುಗುವ ಹೊತ್ತಿಗೆ ಟಿಪ್ಪು ಬೆಳೆದ ಹುಡುಗನಾಗಿದ್ದ. ಇತಿಹಾಸ ಒಪ್ಪದಿದ್ದರೂ ಜನ ಕಥೆಯನ್ನು ಬಿಟ್ಟಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಕರ್ನಲ್ ಫ್ರೇಸರನ ನೆನಪಿಗೆ ಊರು ‘ಫ್ರೇಸರ್‌ಪೇಟೆ’ಯಾಯಿತು. ಈಗ ದೊರೆಯ ಹೆಸರು ಮಾಸಿ ಹಳೆಯ ಹೆಸರೇ ನಿಂತಿದೆ.

ಸುತ್ತಮುತ್ತಲಿನ ನೋಟಗಳಿಗೆ ಕೊರತೆಯಿಲ್ಲ. ಮಡಿಕೇರಿಯ ದಾರಿಯಲ್ಲೇ ಸಿಗುವ ಕಾವೇರಿ ನಿಸರ್ಗಧಾಮ ಬಿದಿರುಮೆಳೆಗಳ ನಡುಗಡ್ಡೆ. ತೂಗುಸೇತುವೆಯ ಮೇಲೆ ನಡೆದೇ ಅದನ್ನು ಸೇರಬೇಕು. ದುಬಾರೆಯಲ್ಲಿ ಆನೆಗಳ ಶಿಬಿರವಿದೆ. ಇನ್ನೊಂದು ದಿಕ್ಕಿನಲ್ಲಿ ಹಾರಂಗಿ ಜಲಾಶಯ. ಅದರ ನದಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಹೊಳೆಯಾಚೆಯ ಬೈಲುಕುಪ್ಪೆಯಲ್ಲಂತೂ ಬೇರೊಂದು ಲೋಕವೇ ಇದೆ. ತಾಯ್ನಾಡನ್ನು ತೊರೆದು ಬಂದ ಟಿಬೆಟಿಯನ್ನರು 1960ರ ದಶಕದ ಆರಂಭದಲ್ಲಿ ಇಲ್ಲಿ ನೆಲೆ ಕಂಡುಕೊಂಡರು. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರದ ಸ್ವರ್ಣಮಂದಿರದಲ್ಲಿ ಪದ್ಮಸಂಭವ, ಬುದ್ಧ, ಅಮಿತಾಯುಸ್ ಎಂಬ ಮೂರು ಭವ್ಯ ಮೂರ್ತಿಗಳು ಕಣ್ಸೆಳೆಯುತ್ತವೆ.

ಈ ಎಲ್ಲ ಸೊಬಗಿನ ಮೂಲ ಕಾವೇರಿಯೇ. ಆಕೆಯ ಸಾಮೀಪ್ಯವನ್ನು ಬಯಸಿಯೇ ದಡದ ತಗ್ಗುಗಳಲ್ಲಿ ಹೊಸ ಬಡಾವಣೆಗಳು ಎದ್ದವು. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಅನೇಕರು ಮನೆ ಕಟ್ಟಿದರು. 2018ರ ಆಗಸ್ಟಿನಲ್ಲಿ ಕೊಡಗಿನ ಮೇಲೆ ಮಳೆ ಮುರಿದುಬಿದ್ದಾಗ ನದಿ ಆ ಮನೆಗಳ ಹೊಸ್ತಿಲನ್ನು ದಾಟಿತು. ಸಾಯಿ ಬಡಾವಣೆ, ಕುವೆಂಪು ಬಡಾವಣೆ ಮೊದಲಾದೆಡೆ ಬೀದಿಗಳೇ ಹೊಳೆಯಾದವು. ಮರುವರ್ಷ, 2019ರ ಆಗಸ್ಟಿನಲ್ಲಿ, ಅದೇ ಸಂಕಟ ಮತ್ತೆ ಬಂದಿತು. ಕೆಸರನ್ನು ತೊಳೆದು ಗೋಡೆಗೆ ಸುಣ್ಣ ಬಳಿದವರು ಇನ್ನೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು.

ಬೇಸಗೆಯಲ್ಲಿ ಬರುವ ಪ್ರವಾಸಿಗೆ ಬಂಡೆಗಳ ನಡುವೆ ನುಸುಳುವ ತಿಳಿನೀರು ಮಾತ್ರ ಕಾಣುತ್ತದೆ. ಮಕ್ಕಳು ಅದರಲ್ಲಿ ಕಾಲಾಡಿಸಿ ನಲಿಯುತ್ತಾರೆ. ಊರಿನವರಿಗಾದರೋ ಆಕೆ ಪೂಜೆಗೊಳ್ಳುವ ತಾಯಿಯೂ ಹೌದು, ಆಟಿಯ ಮಳೆ ಹಿಡಿದ ರಾತ್ರಿ ನಿದ್ದೆಗೆಡಿಸುವ ಹೊಳೆಯೂ ಹೌದು. ತಾಯಿಯ ಮಡಿಲಲ್ಲಿ ಬಾಳಬಯಸುವ ಮಕ್ಕಳು ಆಕೆಗೆ ಹರಿಯಲು ಎಡೆ ಬಿಟ್ಟರೆ ಇಬ್ಬರಿಗೂ ಕುಶಲ.