ಗೊರಕೆ ನಿಂತ ಆ ಹತ್ತು ಸೆಕೆಂಡು

ಏಪ್ರಿಲ್ ತಿಂಗಳ ರಾತ್ರಿ. ಹಗಲೆಲ್ಲ 40 ಡಿಗ್ರಿ ದಾಟಿದ ಬಿಸಿಲಿಗೆ ಕಾದ ಕಲಬುರಗಿಯ ಶಹಾಬಜಾರದ ಗೋಡೆಗಳು ಮಧ್ಯರಾತ್ರಿಯಾದರೂ ತಣ್ಣಗಾಗುವುದಿಲ್ಲ. ಕರೆಂಟ್ ಹೋದರಂತೂ ಮುಗಿಯಿತು. ಚಾಪೆ, ಚಾದರ, ದಿಂಬು ಹಿಡಿದುಕೊಂಡು ಮನೆಮಂದಿಯೆಲ್ಲ ಮಾಳಿಗೆ ಹತ್ತುತ್ತಾರೆ. ಅಲ್ಲಿ ಯಾವ ಗುಟ್ಟೂ ಉಳಿಯದು. ಯಾರ ಮನೆಯ ಹಿರಿಯರು ಎಷ್ಟು ಜೋರಾಗಿ ಗೊರಕೆ ಹೊಡೆಯುತ್ತಾರೆಂದು ಪಕ್ಕದ ಮಾಳಿಗೆಯವರಿಗೂ ಗೊತ್ತು. ಬೆಳಿಗ್ಗೆ ಚಹಾ ಕುಡಿಯುವಾಗ ಮಕ್ಕಳು ಅದನ್ನು ಅಣಕಿಸಿ ತೋರಿಸಿ ನಗುತ್ತಾರೆ.

ನಗಲು ಆಗದವಳು ಒಬ್ಬಳಿರುತ್ತಾಳೆ. ಆ ಗೊರಕೆಯವರ ಹೆಂಡತಿ. ಗೊರಕೆಯ ಸದ್ದು ಅವಳಿಗೆ ಎಂದೋ ಅಭ್ಯಾಸವಾಗಿದೆ. ಅವಳಿಗೆ ಎಚ್ಚರವಾಗುವುದು ಸದ್ದು ನಿಂತಾಗ. ಕತ್ತಲಲ್ಲಿ ಕಣ್ಣು ಬಿಟ್ಟು ಅವಳು ಎಣಿಸುತ್ತಾಳೆ. ಐದು, ಎಂಟು, ಹತ್ತು, ಹದಿನೈದು... ಆಮೇಲೆ ನೀರಲ್ಲಿ ಮುಳುಗಿದವನು ಮೇಲೆ ಬಂದಂತೆ ಆತ ಒಮ್ಮೆಲೇ ಉಸಿರು ಎಳೆದುಕೊಳ್ಳುತ್ತಾನೆ. ಅವಳು ಮೊಣಕೈಯಿಂದ ತಟ್ಟಿ ಪಕ್ಕಕ್ಕೆ ಹೊರಳಿಸುತ್ತಾಳೆ. ಉಸಿರು ಸರಾಗವಾಗುತ್ತದೆ. ಅರ್ಧ ಗಂಟೆಯಲ್ಲಿ ಆತ ಮತ್ತೆ ಅಂಗಾತ.

ಸಹೋದರಿಯರೇ, ನಿಮ್ಮಲ್ಲಿ ಹೀಗೆ ಎಣಿಸುವವರು ಎಷ್ಟು ಮಂದಿ ಇದ್ದೀರೋ ಗೊತ್ತಿಲ್ಲ. ನೀವು ಎಣಿಸುತ್ತಿರುವುದು ಒಂದು ಕಾಯಿಲೆಯ ಲಕ್ಷಣವನ್ನು. ಮೊಣಕೈಯಿಂದ ತಟ್ಟಿ ನೀವು ಮಾಡುತ್ತಿರುವುದು ಅದಕ್ಕೆ ವೈದ್ಯರೂ ಹೇಳುವ ಉಪಾಯಗಳಲ್ಲಿ ಒಂದನ್ನು.

ಮೌನವೇ ಅಪಾಯ

ಈ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಎಂದು ಹೆಸರು. ನಿದ್ದೆಯಲ್ಲಿ ಉಸಿರು ಕಟ್ಟುವುದು ಎಂದರ್ಥ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದವರ ನಾಲಿಗೆಯ ಬುಡವೂ ಕಿರುನಾಲಿಗೆಯ ಸುತ್ತಲಿನ ಮೆದು ಭಾಗವೂ ತಮ್ಮ ಭಾರಕ್ಕೆ ತಾವೇ ಹಿಂದಕ್ಕೆ ಜಾರುತ್ತವೆ. ಗಾಳಿಯ ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿದರೆ ಮೌನ. ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಗೊಂಡು ಅರೆಕ್ಷಣ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ. ಎಚ್ಚರವಾದದ್ದು ಮಲಗಿದವನಿಗೆ ನೆನಪೇ ಇರುವುದಿಲ್ಲ. ಬೆಳಿಗ್ಗೆ ಕೇಳಿದರೆ, "ನಾನು ಚೆನ್ನಾಗಿಯೇ ಮಲಗಿದ್ದೆನಲ್ಲ" ಎನ್ನುತ್ತಾನೆ.

ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ವೈದ್ಯರು ಅದನ್ನು ಒಂದು ಎಂದು ಲೆಕ್ಕ ಹಿಡಿಯುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರಾ ಕಡಿಮೆಯಾದದ್ದನ್ನೂ ಸೇರಿಸಿಕೊಳ್ಳುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 5ರಿಂದ 15ರ ಒಳಗಿದ್ದರೆ ಸೌಮ್ಯ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಆರು ಗಂಟೆಯ ನಿದ್ದೆಯಲ್ಲಿ 180 ಬಾರಿ. ಇಷ್ಟು ಸಲ ಕತ್ತು ಹಿಸುಕಿ ಬಿಟ್ಟಂತಾದ ದೇಹ ಬೆಳಿಗ್ಗೆ ಹೇಗಿರಬೇಕು? ತಲೆನೋವು, ಬಾಯಿ ಒಣಗುವುದು, ಸಿಡುಕು, ಕೂತಲ್ಲೇ ತೂಕಡಿಕೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಮಾತ್ರೆಗೂ ಬಗ್ಗದ ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯುವಿನ ಅಪಾಯ. ಲಾರಿ, ಆಟೋ ಓಡಿಸುವವರಾದರೆ ಸ್ಟೀರಿಂಗ್ ಹಿಡಿದೇ ನಿದ್ದೆಗೆ ಜಾರುವ ಭಯ ಬೇರೆ.

ಹಾಡುಗಳ ಜೊತೆಗೆ ಚಿನ್ನದ ಸರಗಳಿಗೂ ಹೆಸರಾಗಿದ್ದ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಈ ಕಾಯಿಲೆಯೂ ಇತ್ತು. ಹಲವರು ಈ ಹೆಸರನ್ನು ಮೊದಲು ಕೇಳಿದ್ದು ಆಗಲೇ. ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಇದು ಇರಬಹುದೆಂದು ಅಂದಾಜಿಸಿದರು. ಬಹುಪಾಲು ಮನೆಗಳಲ್ಲಿ ಇದನ್ನು ಇನ್ನೂ ಗಾಢ ನಿದ್ದೆ ಎಂದೇ ತಿಳಿಯಲಾಗಿದೆ.

ಪಕ್ಕಕ್ಕೆ ತಿರುಗಿದಾಗ

ಪಕ್ಕಕ್ಕೆ ಮಲಗಿದರೆ ನಾಲಿಗೆ ಗಂಟಲಿಗೆ ಬೀಳುವ ಬದಲು ಕೆನ್ನೆಯ ಕಡೆಗೆ ವಾಲುತ್ತದೆ. ದಾರಿ ತೆರೆದಿರುತ್ತದೆ. ಅಮೆರಿಕದ ರೊಸಾಲಿಂಡ್ ಕಾರ್ಟ್‌ರೈಟ್ ಎಂಬ ಸಂಶೋಧಕಿ 1984ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಂಗಾತ ಮಲಗಿದಾಗ ಉಸಿರು ಕಟ್ಟುವುದು ಬೇರೆ ಭಂಗಿಯ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ, ಅಂಥವರ ಕಾಯಿಲೆ ಭಂಗಿಯನ್ನು ಅವಲಂಬಿಸಿದ್ದು ಎಂದು ಗುರುತಿಸಲಾಗುತ್ತದೆ. ಈ ಕಾಯಿಲೆಯವರಲ್ಲಿ ಅರ್ಧದಷ್ಟಾದರೂ ಜನ ಈ ಗುಂಪಿಗೆ ಸೇರುತ್ತಾರೆ.

ಮಲಗುವ ಮುನ್ನ ವುಝೂ ಮಾಡಿ ಬಲ ಮಗ್ಗುಲಿಗೆ ಮಲಗಬೇಕೆಂದು ಪ್ರವಾದಿ(ಸ) ಕಲಿಸಿದ್ದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅವರು ಕೆನ್ನೆಯ ಕೆಳಗೆ ಕೈಯಿಟ್ಟು ಮಲಗುತ್ತಿದ್ದರೆಂದೂ ಹದೀಸಿನಲ್ಲಿದೆ. ಗುಹಾವಾಸಿಗಳನ್ನು ಅಲ್ಲಾಹನು ನಿದ್ದೆಯಲ್ಲೇ ಬಲಕ್ಕೂ ಎಡಕ್ಕೂ ಹೊರಳಿಸುತ್ತಿದ್ದನೆಂದು ಸೂರಃ ಕಹ್ಫ್ ಹೇಳುತ್ತದೆ. ಇಲ್ಲಿ ಒಂದು ಮಾತು. ಸುನ್ನತ್ತನ್ನು ಔಷಧಿಯ ಚೀಟಿಯಂತೆ ತೋರಿಸಿ, "ಬಲ ಮಗ್ಗುಲಿಗೆ ಮಲಗಿ, ಕಾಯಿಲೆ ಮಾಯ" ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಂಬಬೇಡಿ. ನಾವು ಸುನ್ನತ್ತನ್ನು ಪಾಲಿಸುವುದು ಪ್ರವಾದಿ(ಸ)ರ ಮೇಲಿನ ಪ್ರೀತಿಯಿಂದ. ಕಾಯಿಲೆಗೆ ಪರೀಕ್ಷೆ ಬೇಕೇ ಬೇಕು. ಎದೆಯುರಿ ಇರುವವರಿಗೆ ವೈದ್ಯರು ಎಡ ಮಗ್ಗುಲನ್ನು ಹೇಳುವುದುಂಟು. ಗರ್ಭಿಣಿಯರು 28 ವಾರ ದಾಟಿದ ಮೇಲೆ ಅಂಗಾತ ಮಲಗದೆ ಪಕ್ಕಕ್ಕೇ ಮಲಗಬೇಕು. ಅಪ್ನಿಯಾದ ಮಟ್ಟಿಗೆ ಎಡವೋ ಬಲವೋ ಎನ್ನುವುದಕ್ಕಿಂತ ಬೆನ್ನ ಮೇಲೆ ಮಲಗದಿರುವುದು ಮುಖ್ಯ.

ದಿಂಬು ಹೇಗಿರಬೇಕು?

ಪಕ್ಕಕ್ಕೆ ಮಲಗಿ ಎನ್ನುವುದು ಸುಲಭ. ರಾತ್ರಿಯಿಡೀ ಹಾಗೇ ಇರುವುದು ಕಷ್ಟ. ಹೆಗಲು ನೋಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ, ಮೈ ತಾನಾಗಿ ಅಂಗಾತವಾಗುತ್ತದೆ. ಇದರ ಮುಖ್ಯ ಕಾರಣ ಹೆಚ್ಚಾಗಿ ದಿಂಬಿನ ಎತ್ತರ. ಅಂಗಾತ ಮಲಗುವವರಿಗೆ ತೆಳು ದಿಂಬು ಸಾಕು. ಪಕ್ಕಕ್ಕೆ ಮಲಗುವವರಿಗೆ ಕಿವಿಯಿಂದ ಹೆಗಲ ತುದಿಯವರೆಗಿನ ಜಾಗವನ್ನು ತುಂಬುವಷ್ಟು ಎತ್ತರ ಬೇಕು. ಪಕ್ಕಕ್ಕೆ ಮಲಗಿಕೊಂಡು ಹಿಂದಿನಿಂದ ಯಾರಾದರೂ ನೋಡಲಿ. ತಲೆಯ ಹಿಂಭಾಗ, ಕತ್ತು, ಬೆನ್ನುಮೂಳೆ ಒಂದೇ ಗೆರೆಯಲ್ಲಿದ್ದರೆ ದಿಂಬು ಸರಿಯಿದೆ. ತಲೆ ಕೆಳಕ್ಕೆ ವಾಲಿದ್ದರೆ ಎತ್ತರ ಸಾಲದು, ಮೇಲಕ್ಕೆ ಎದ್ದಿದ್ದರೆ ಹೆಚ್ಚಾಯಿತು. ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಮೆತ್ತನೆಯ ದಪ್ಪ ಗಾದಿಯಲ್ಲಿ ಹೆಗಲು ಒಳಗೆ ಇಳಿಯುವುದರಿಂದ ಕಡಿಮೆ ಎತ್ತರ ಸಾಕು. ಚಾಪೆಯ ಮೇಲೆ, ತೆಳು ಗಾದಿಯ ಮೇಲೆ ಮಲಗುವವರಿಗೆ ಹೆಚ್ಚು ಬೇಕು. ಮಂಚದ ಮೇಲೆ ಒಪ್ಪಿದ ದಿಂಬು ಮಾಳಿಗೆಯ ಮೇಲೆ ಒಪ್ಪದಿರುವುದು ಇದಕ್ಕೇ.

ಗೊರಕೆಗೆ ಎರಡು ಮೂರು ದಿಂಬು ಪೇರಿಸಿ ಮಲಗಿಸುವ ರೂಢಿ ಹಲವು ಮನೆಗಳಲ್ಲಿದೆ. ಅದು ತಪ್ಪು. ಗದ್ದ ಎದೆಗೆ ಒತ್ತಿಕೊಂಡು ಗಂಟಲು ಇನ್ನಷ್ಟು ಕಿರಿದಾಗುತ್ತದೆ. ಎತ್ತರ ಬೇಕಿದ್ದರೆ ಬೆನ್ನಿನ ಮೇಲ್ಭಾಗದಿಂದಲೇ ಇಳಿಜಾರಾಗಿರಬೇಕು.

ಈಗ ಪಕ್ಕಕ್ಕೆ ಮಲಗುವವರಿಗೆಂದೇ ನಡುವೆ ತಗ್ಗಿರುವ, ಕತ್ತಿಗೆ ಆಸರೆ ಕೊಡುವ, ಕಿವಿಗೆ ಜಾಗ ಬಿಟ್ಟ ದಿಂಬುಗಳು ಬಂದಿವೆ. ಬೆಲೆ ಸಾವಿರದಿಂದ ಹಲವು ಸಾವಿರ ರೂಪಾಯಿ. ಹೆಚ್ಚಿನವು ಮೆಮೊರಿ ಫೋಮ್‌ನಿಂದ ಮಾಡಿದವು. 1966ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ, ಆಸನಗಳಲ್ಲಿ ಬಳಸಲೆಂದು ತಯಾರಾದ ವಸ್ತು ಇದು. ಬಿಸಿ ತಾಗಿದರೆ ಮೆತ್ತಗಾಗುವುದು ಇದರ ಗುಣ. ನಮ್ಮ ಕಡೆಯ ಮೇ ತಿಂಗಳಲ್ಲಿ ಇದು ಗುಣವೋ ದೋಷವೋ ಕೊಳ್ಳುವ ಮುನ್ನ ಯೋಚಿಸಿ. ಕೆನ್ನೆಯಡಿ ಬೆವರುತ್ತದೆ, ಎತ್ತರವೂ ಕುಗ್ಗಬಹುದು.

ಹತ್ತಿಯ ದಿಂಬು ಯಾಕಾಗಬಾರದು? ಉತ್ತರ ಕರ್ನಾಟಕದ ಪಿಂಜಾರ, ನದಾಫ್ ಕುಟುಂಬಗಳ ಕುಲಕಸುಬೇ ಇದು. ನದಾಫ್ ಎಂಬ ಅರಬಿ ಮಾತಿನ ಅರ್ಥವೇ ಹತ್ತಿ ಹಿಂಜುವವನು. ಬಿಲ್ಲಿನಂಥ ಸಾಧನದ ತಂತಿ ಮೀಟುತ್ತ ಓಣಿಗೆ ಬರುತ್ತಿದ್ದವರ ಜಾಗದಲ್ಲಿ ಈಗ ಯಂತ್ರ ಬಂದಿದೆ, ಆದರೆ ಕೆಲಸ ಗೊತ್ತಿರುವ ಕೈಗಳು ಇನ್ನೂ ಇವೆ. ಅಂಗಡಿಯ ದಿಂಬು ಎಲ್ಲರಿಗೂ ಒಂದೇ ಅಳತೆ. ನದಾಫರ ಬಳಿ ನಿಮ್ಮವರ ಹೆಗಲಿನ ಅಳತೆ ಹೇಳಿ, ಗಟ್ಟಿಯಾಗಿ ತುಂಬಿಸಿಕೊಳ್ಳಬಹುದು. ಹತ್ತಿಯ ದೋಷವೆಂದರೆ ದಿನ ಕಳೆದಂತೆ ಅದುಮಿ ಗಂಟಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಹಿಂಜಿಸಬೇಕು. ಆಗಾಗ ಬಿಸಿಲಿಗೆ ಹಾಕಬೇಕು, ಗಿಲಾಫನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಬೇಕು. ಧೂಳಿಗೆ ಮೂಗು ಕಟ್ಟಿದರೆ ಗೊರಕೆ ಇನ್ನೂ ಹೆಚ್ಚು. ಮಲಗುವ ಮುನ್ನ ಹಾಸಿಗೆ ಕೊಡವಲು ಪ್ರವಾದಿ(ಸ) ಹೇಳಿದ್ದರು ಎಂಬುದನ್ನೂ ಇಲ್ಲಿ ನೆನೆಯಬಹುದು. ಅವರ ಸ್ವಂತ ದಿಂಬು ಚರ್ಮದ್ದು, ಒಳಗಿದ್ದದ್ದು ಖರ್ಜೂರದ ನಾರು.

ತಲೆಗೆ ಒಂದು ದಿಂಬಾಯಿತು. ಬೆನ್ನ ಹಿಂದೆ ಒಂದು ಉದ್ದನೆಯ ಗಟ್ಟಿ ಲೋಡು ಇಡಿ, ಹೊರಳಿದರೂ ಪೂರ್ತಿ ಅಂಗಾತವಾಗಲು ಬಿಡದು. ಮೊಣಕಾಲುಗಳ ನಡುವೆ ಒಂದು ಚಿಕ್ಕದು ಇಟ್ಟರೆ ಸೊಂಟದ ನೋವಿಲ್ಲ. ತಬ್ಬಿಕೊಳ್ಳಲು ಒಂದಿದ್ದರೆ ಮೇಲಿನ ಹೆಗಲಿಗೆ ಆರಾಮ. ಬನಿಯನ್ನಿನ ಬೆನ್ನಿಗೆ, ಎರಡು ಹೆಗಲೆಲುಬುಗಳ ನಡುವೆ ಜೇಬು ಹೊಲಿದು ಟೆನಿಸ್ ಚೆಂಡು ಇಡುವುದು ಹಳೆಯ ಉಪಾಯ. ಕೆಲಸ ಮಾಡುತ್ತದೆ, ಆದರೆ ಚುಚ್ಚುತ್ತದೆಂದು ಹೆಚ್ಚಿನವರು ಕೆಲವು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಲೋಡಿನ ಮೇಲೆ ನನಗೆ ಹೆಚ್ಚು ನಂಬಿಕೆ.

ನಿಮ್ಮ ಉಸಿರನ್ನು ಎಣಿಸುವವರು ಯಾರು?

ಇಲ್ಲಿಯವರೆಗೆ ಗಂಡಸರ ಗೊರಕೆಯ ಮಾತೇ ಆಯಿತು. ವೈದ್ಯಲೋಕವೂ ಬಹುಕಾಲ ಹೀಗೇ ತಿಳಿದಿತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆಸ್ಪತ್ರೆಗೆ ಬಂದವರನ್ನು ಬಿಟ್ಟು, 30ರಿಂದ 60 ವರ್ಷದ 602 ಸಾಮಾನ್ಯ ನೌಕರರನ್ನು ರಾತ್ರಿಯಿಡೀ ಪರೀಕ್ಷಿಸಲಾಯಿತು. 1993ರಲ್ಲಿ ಅದರ ಫಲಿತಾಂಶ ಬಂದಾಗ ಗಂಟೆಗೆ 5 ಬಾರಿಯೋ ಹೆಚ್ಚೋ ಉಸಿರು ಕಟ್ಟುವವರು ಪುರುಷರಲ್ಲಿ ನೂರಕ್ಕೆ 24, ಮಹಿಳೆಯರಲ್ಲಿ ನೂರಕ್ಕೆ 9. ಹೆಂಗಸರಲ್ಲಿ ಇಷ್ಟಿರಬಹುದೆಂದು ಯಾರೂ ಎಣಿಸಿರಲಿಲ್ಲ, ಅವರು ಆಸ್ಪತ್ರೆಗೇ ಬರುತ್ತಿರಲಿಲ್ಲ.

ನಮ್ಮಲ್ಲಿ ಈಗಲೂ ಬರುವುದಿಲ್ಲ. ಹೆಣ್ಣು ಗೊರಕೆ ಹೊಡೆಯುತ್ತಾಳೆಂದರೆ ನಾಚಿಕೆಯ ವಿಷಯ. ಹೊಸ ಸೊಸೆಯಾದರಂತೂ ವರ್ಷವಿಡೀ ತಮಾಷೆ. ಹೆಂಗಸರಲ್ಲಿ ಗೊರಕೆ ಅಷ್ಟು ಜೋರಾಗಿ ಕೇಳದಿರಬಹುದು. ಬದಲಿಗೆ ರಾತ್ರಿ ಮೇಲಿಂದ ಮೇಲೆ ಎಚ್ಚರ, ಮೂತ್ರಕ್ಕೆ ಏಳುವುದು, ಬೆಳಿಗ್ಗೆ ತಲೆಭಾರ, ದಿನವೆಲ್ಲ ಸುಸ್ತು, ಕಾರಣವಿಲ್ಲದೆ ಅಳು. ಇದಕ್ಕೆ ಮನೆಯಲ್ಲಿ ಸಿಗುವ ಹೆಸರು ಟೆನ್ಶನ್. ಕ್ಲಿನಿಕ್ಕಿನಲ್ಲಿ ಕೆಲವೊಮ್ಮೆ ಸಿಗುವುದು ರಕ್ತ ಹೆಚ್ಚಿಸುವ ಟಾನಿಕ್, ಇಲ್ಲವೇ ನಿದ್ದೆ ಮಾತ್ರೆ. ಆ ಮಾತ್ರೆ ಗಂಟಲನ್ನು ಇನ್ನಷ್ಟು ಸಡಿಲಗೊಳಿಸಬಹುದು, ಉಸಿರು ಕಟ್ಟಿದಾಗ ಎಬ್ಬಿಸುವ ಮೆದುಳನ್ನು ಮಂಕಾಗಿಸಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಮುಟ್ಟು ನಿಂತ ಮೇಲೆ ಈ ಕಾಯಿಲೆಯ ಸಾಧ್ಯತೆ ಏರುತ್ತದೆ. ಮೈತೂಕ ಹೆಚ್ಚಿರುವವರು, ಥೈರಾಯ್ಡ್ ತೊಂದರೆ ಇರುವವರು, ಬಸಿರಲ್ಲಿ ರಕ್ತದೊತ್ತಡ ಕಂಡವರು ವಿಶೇಷವಾಗಿ ಗಮನಿಸಬೇಕು.

ಗಂಡನ ಉಸಿರನ್ನು ಎಣಿಸಲು ಹೆಂಡತಿ ಎಚ್ಚರವಿರುತ್ತಾಳೆ. ಅವಳ ಉಸಿರು ನಿಂತಾಗ ಆತ ಗೊರಕೆ ಹೊಡೆಯುತ್ತಿರುತ್ತಾನೆ.

ಮಕ್ಕಳೂ ದಿನನಿತ್ಯ ಗೊರಕೆ ಹೊಡೆದರೆ, ಬಾಯಿ ತೆರೆದೇ ಮಲಗಿದರೆ ಟಾನ್ಸಿಲ್ ಇಲ್ಲವೇ ಮೂಗಿನ ಹಿಂದಿನ ಗ್ರಂಥಿ ದೊಡ್ಡದಾಗಿರಬಹುದು. ದಿಂಬು ಬದಲಿಸುತ್ತ ಕೂರದೆ ವೈದ್ಯರಿಗೆ ತೋರಿಸಿ.

ದಿಂಬಿನಿಂದ ಆಗದ್ದು

ದಿಂಬು ಗೊರಕೆಯನ್ನು ತಗ್ಗಿಸಬಲ್ಲದು, ಸೌಮ್ಯ ಕಾಯಿಲೆಯಲ್ಲಿ ಉಸಿರಿಗೆ ನೆರವಾಗಬಲ್ಲದು. ತೀವ್ರ ಕಾಯಿಲೆಯನ್ನು ಅದು ವಾಸಿ ಮಾಡದು. ಸದ್ದು ಕಡಿಮೆಯಾಯಿತೆಂದು ಸುಮ್ಮನಾಗುವುದೇ ದೊಡ್ಡ ಅಪಾಯ. ತೀವ್ರವಿದ್ದವರಿಗೆ ಮೂಗಿಗೆ ಮಾಸ್ಕ್ ಹಾಕಿ ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಬೇಕಾಗುತ್ತದೆ. ಸಿಡ್ನಿಯ ಡಾ. ಕಾಲಿನ್ ಸಲ್ಲಿವನ್ 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಬೆಲೆ ಹತ್ತಾರು ಸಾವಿರ ರೂಪಾಯಿ, ಮೊದಮೊದಲು ಉಸಿರುಗಟ್ಟಿದಂತೆಯೂ ಆಗುತ್ತದೆ. ಆದರೂ ಹೊಂದಿಕೊಂಡವರು ವರ್ಷಗಳ ನಂತರ ನಿಜವಾದ ನಿದ್ದೆ ಮಾಡುತ್ತಾರೆ. ತೂಕ ಇಳಿಸಿದರೂ ಗಣನೀಯ ಲಾಭವಿದೆ.

ದರ್ಜಿಯ ಟೇಪಿನಿಂದ ಕತ್ತಿನ ಸುತ್ತಳತೆ ನೋಡಿ. 40 ಸೆಂಟಿಮೀಟರ್ ದಾಟಿದ್ದು, ಜೊತೆಗೆ ಗೊರಕೆ, ಹಗಲಿನ ತೂಕಡಿಕೆ, ರಕ್ತದೊತ್ತಡ ಇದ್ದರೆ ತಡಮಾಡಬೇಡಿ. ಕಿವಿ-ಮೂಗು-ಗಂಟಲು ತಜ್ಞರನ್ನೋ ಶ್ವಾಸಕೋಶ ತಜ್ಞರನ್ನೋ ಕಾಣಿ. ಕಲಬುರಗಿಯ ಜಿಮ್ಸ್‌ನಲ್ಲೂ ಖಾಜಾ ಬಂದಾ ನವಾಜ್ ಹೆಸರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಈ ವಿಭಾಗಗಳಿವೆ. ರಾತ್ರಿಯಿಡೀ ಮಾಡುವ ನಿದ್ದೆಯ ಪರೀಕ್ಷೆ ಎಲ್ಲಿ ಸಿಗುತ್ತದೆಂದು ಅವರೇ ಹೇಳುತ್ತಾರೆ. ಮನೆಯಲ್ಲೇ ಮಾಡಬಹುದಾದ ಚಿಕ್ಕ ಯಂತ್ರಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಪ್ರಯೋಗಾಲಯವಿದೆ.

"ನನಗೇನೂ ಆಗಿಲ್ಲ" ಎನ್ನುವವರನ್ನು ಕರೆದೊಯ್ಯುವುದು ಹೇಗೆ? ಮೊಬೈಲನ್ನು ದಿಂಬಿನ ಪಕ್ಕ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿ, ಬೆಳಿಗ್ಗೆ ಮಕ್ಕಳಿಲ್ಲದಾಗ ಅವರಿಗೆ ಕೇಳಿಸಿ. ನಗಬೇಡಿ, ಸದ್ದು ನಿಂತ ಜಾಗವನ್ನಷ್ಟೇ ತೋರಿಸಿ. ಅದೇ ರೆಕಾರ್ಡನ್ನು ವೈದ್ಯರಿಗೂ ಕೇಳಿಸಿ. ಮರುರಾತ್ರಿ ಅದೇ ಮೊಬೈಲನ್ನು ನಿಮ್ಮ ದಿಂಬಿನ ಪಕ್ಕ ಇಡಲು ಮಗಳಿಗೆ ಹೇಳಿ.