ನಿಮಗಿದು ಗೊತ್ತೆ? ಒಂದೇ ಕೆರೆ, ಮೂರು ಪದರ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮೀನುಪ್ರಿಯರಿಗೆ ಪರಿಚಿತವಾದ ಕಾಟ್ಲಾ, ರೋಹು, ಮೃಗಾಲ್ ನೀರಿನಲ್ಲಿ ಬೇರೆ ಬೇರೆ ಆಳದಲ್ಲಿ ಮೇಯುತ್ತವೆ. ಬಾಯಿ ಮೇಲ್ಮುಖವಾಗಿರುವ ಕಾಟ್ಲಾಗೆ ಮೇಲ್ಪದರ, ರೋಹುಗೆ ನಡುನೀರು, ಮೃಗಾಲ್‌ಗೆ ತಳದ ಕೆಸರು. ಕೆರೆಗೆ ಮೂರನ್ನೂ ಒಟ್ಟಿಗೆ ಬಿಡುವುದು ಇದಕ್ಕಾಗಿಯೇ.

ವಯಸ್ಸಿಗೆ ತಕ್ಕಂತೆ ಆಹಾರವೂ ಬದಲಾಗುತ್ತದೆ. ಮರಿಯಾಗಿದ್ದಾಗ ನೀರಿನ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುವ ರೋಹು, ಬೆಳೆದಂತೆ ಸಸ್ಯಾಹಾರದತ್ತ ಹೊರಳುತ್ತದೆ! ಈ ಮೂರೂ ಮೀನುಗಳು ಮೊಟ್ಟೆಯಿಡುವುದು ಮುಂಗಾರಿನ ಹರಿವ ಹೊಳೆಯಲ್ಲಿ. ಮೊಟ್ಟೆ ಒಂದು ದಿನದೊಳಗೇ ಒಡೆಯುತ್ತದೆ. ನಿಂತ ಕೆರೆನೀರಿನಲ್ಲಿ ಸಾಮಾನ್ಯವಾಗಿ ಸಂತಾನ ಬೆಳೆಯದು. ಮರಿಗಳನ್ನು ಹೊರಗಿನಿಂದ ತಂದೇ ಬಿಡಬೇಕು.



ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ತುಂಗಭದ್ರೆಗೆ ಸಣ್ಣ ಕಣ್ಣಿನ ಬಲೆ ಬೀಸಬೇಡಿ. ಮರಿಗಳು ಬದುಕಲಿ.